ದೀಪ ದೊಡ್ಡದು ಮಾಡು

ಮೋನಿಕಾ ಮನೆಗೆ ಬಂದ ದಿನ ಭದ್ರಮ್ಮ ಉಪ್ಪಿಟ್ಟು ಮಾಡಿದರು. ಹೋಳಿಗೆಗೆಂದು ನೇತ್ರಾವತಿ ಹಿಂದಿನ ದಿನವೇ ತಂದಿಟ್ಟಿದ್ದ ಬೇಳೆ, ಬೆಲ್ಲ ಎರಡೂ ಡಬ್ಬಿಯಿಂದ ಈಚೆಗೆ ಬರಲಿಲ್ಲ.

"ಅತ್ತೆ, ಇವತ್ತು ಹೋಳಿಗೆ ಅಂದಿದ್ವಲ್ಲ?" ನೇತ್ರಾವತಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಮೆಲ್ಲಗೆ ಕೇಳಿದಳು.

"ಆರ್ಡರ್ ಬರ್ಲಿ ಬುಡು. ಪಕ್ಕಾ ಆದ್ಮೇಲೆ ಹೋಳಿಗೆ ಮಾಡಾಣ. ಮನೆಗೆ ಬಂದೋರಿಗೆಲ್ಲ ಯಾರಾದ್ರೂ ಹೋಳಿಗೆ ತಟ್ತಾರಾ?"

"ಬಂದೋಳಲ್ಲ ಅತ್ತೆ, ಮಗಳು."

"ನಾನೂ ಅದನ್ನೇ ಹೇಳ್ತಿರೋದು. ಮಗಳಾಗ್ಲಿ, ತಟ್ತೀನಿ."

ನಡುಮನೆಯ ಚಾಪೆಯ ಮೇಲೆ ಕುಳಿತಿದ್ದ ಎಂಟು ವರ್ಷದ ಹುಡುಗಿ ಇದನ್ನೆಲ್ಲ ಕೇಳಿಸಿಕೊಂಡಳು. ಎಡಗಾಲು ಒಳಕ್ಕೆ ತಿರುಗಿದ್ದರಿಂದ ಆ ಕಾಲಿಗೆ ಪಟ್ಟಿ ಇರುವ ದಪ್ಪ ಶೂ ಹಾಕಿದ್ದಳು. ಬಿಚ್ಚು ಎಂದು ಯಾರೂ ಹೇಳಿರಲಿಲ್ಲವಾಗಿ ಮನೆಯೊಳಗೂ ಅದನ್ನು ಬಿಚ್ಚಿರಲಿಲ್ಲ.

"ಆರ್ಡರ್ ಬಂದ್ಮೇಲೆ ಹೋಳಿಗೆ," ಎಂದಳು, ಒಂದೊಂದೇ ಪದವನ್ನು ಎತ್ತಿ ಇಡುವವಳ ಹಾಗೆ.

ಇಂಪನಾ ಕಿಸಕ್ಕನೆ ನಕ್ಕಳು. ಭದ್ರಮ್ಮನಿಗೂ ನಗು ಬಂತು, ಸೆರಗಿನಲ್ಲಿ ಮುಚ್ಚಿಕೊಂಡರು.

ನೇತ್ರಾವತಿಯ ಹೊಟ್ಟೆಯಲ್ಲಿ ಹುಟ್ಟಿದವಳು ಇಂಪನಾ ಒಬ್ಬಳೇ. ಅವಳ ನಂತರ ಎರಡು ಸಲ ಬಸಿರು ನಿಲ್ಲದೆ ಹೋಗಿ, ಸಾಕು ಎಂದು ಡಾಕ್ಟರು ಹೇಳಿದ ಮೇಲೆ ನೇತ್ರಾವತಿ ದತ್ತು ತೆಗೆದುಕೊಳ್ಳಲು ಹೆಸರು ಬರೆಸಿದ್ದಳು. ವರ್ಷಗಳು ಕಳೆದವು. ಇಂಪನಾ ಪಿಯುಸಿಗೆ ಬಂದಳು. ಒಂದು ದಿನ ದತ್ತು ಕಚೇರಿಯ ಸಮಾಲೋಚಕಿ ಹೇಳಿದ್ದಳು: "ಎಳೇ ಕೂಸಿಗೆ ಸಾಲು ಬಹಳ ಉದ್ದ ಇದೆ ಮೇಡಂ. ವಿಶೇಷ ಅಗತ್ಯ ಇರೋ ಮಕ್ಕಳಿಗೆ ಸಾಲೇ ಇಲ್ಲ. ಯೋಚನೆ ಮಾಡಿ." ಸಾಲೇ ಇಲ್ಲ ಎಂಬ ಮಾತು ನೇತ್ರಾವತಿಯ ಎದೆಗೆ ಚುಚ್ಚಿತ್ತು. ಜೊತೆಗೆ, ಹಾಗಾದರೆ ಬೇಗ ಆಗುತ್ತದೆ ಎಂಬ ಸಣ್ಣ ಆಸೆಯನ್ನೂ ಹುಟ್ಟಿಸಿತ್ತು. ಆ ಆಸೆಯನ್ನು ಅವಳು ಯಾರಿಗೂ ಹೇಳಲಿಲ್ಲ.

ಮೋನಿಕಾ ಎರಡು ವರ್ಷದಿಂದ ಕುಣಿಗಲ್ಲಿನ ಚಿಕ್ಕಮಾರಮ್ಮ ಎಂಬುವರ ಮನೆಯಲ್ಲಿ ಪೋಷಣೆಗಿದ್ದಳು. ಚಿಕ್ಕಮಾರಮ್ಮನಿಗೆ ಅರವತ್ತು ದಾಟಿತ್ತು, ಗಂಡನಿರಲಿಲ್ಲ. ಸಾಕಬಹುದಿತ್ತೇ ಹೊರತು ಆ ವಯಸ್ಸಿಗೆ ದತ್ತು ಕೊಡುವಂತಿರಲಿಲ್ಲ. ಹುಡುಗಿಯ ಬಟ್ಟೆಯ ಚೀಲವನ್ನು ಕೈಗಿಡುವಾಗ ಆಕೆ ಹೇಳಿದ್ದು ಒಂದೇ ಮಾತು.

"ಇವ್ಳಿಗೆ ಸುಳ್ಳು ಗೊತ್ತಾಗಲ್ಲ ಕಣವ್ವ. ತಮಾಸೆನೂ ಗೊತ್ತಾಗಲ್ಲ. ಅಂದಿದ್ದು ಅಂದಂಗೇ. ನೋಡ್ಕಂಡು ಮಾತಾಡಿ."

ಅದೇನು ನನಗೆ ಕಷ್ಟವಲ್ಲ ಎಂದುಕೊಂಡಿದ್ದಳು ನೇತ್ರಾವತಿ. ಅವಳು ಕೆಲಸ ಮಾಡುವ ಕಾಲೇಜಿನ ಆಫೀಸಿನಲ್ಲಿ ಯಾವ ಪತ್ರವೂ ಅವಳು ಎರಡು ಸಲ ಓದದೆ ಹೊರಗೆ ಹೋಗುತ್ತಿರಲಿಲ್ಲ. ಆಡಿದ ಮಾತು ಎಲ್ಲಿ ಹೋಗಿ ಯಾರಿಗೆ ತಾಗುತ್ತದೋ ಎಂದು ಹೆದರುವ ಸ್ವಭಾವ. ಮದುವೆಯಾದ ಹೊಸತರಲ್ಲೇ ಭದ್ರಮ್ಮ, "ನನ್ ಸೊಸೆ ಮಾತನ್ನ ತಕ್ಕಡೀಲಿ ತೂಗಿ ಕೊಡ್ತಾಳೆ" ಎಂದು ಗುಬ್ಬಿಯಲ್ಲೆಲ್ಲ ಹೇಳಿಕೊಂಡು ಬಂದಿದ್ದರು.

ದತ್ತಿನ ಆದೇಶ ಆಗುವವರೆಗೆ ಮಗು ತುಮಕೂರಿನ ಇವರ ಮನೆಯಲ್ಲೇ ಇರಬೇಕು, ಹೊಂದಿಕೊಳ್ಳಬೇಕು ಎಂದು ನಿಯಮ. ನೇತ್ರಾವತಿ ರಜೆ ಹಾಕಿದಳು. ಮೊದಲ ವಾರಗಳು ನಗುತ್ತಲೇ ಕಳೆದವು.

ವಸಂತನರಸಾಪುರದ ಫ್ಯಾಕ್ಟರಿಯಲ್ಲಿ ಸೂಪರ್‌ವೈಸರ್ ಆಗಿದ್ದ ಗಂಡ ನಾಗೇಶ್ ಶಿಫ್ಟು ಮುಗಿಸಿ ಬಂದು ಕೂರುತ್ತಿದ್ದಂತೆ ಮೋನಿಕಾ ಎದುರಿಗೆ ಬಂದು ನಿಲ್ಲುತ್ತಿದ್ದಳು.

"ಆರ್ಡರ್ ಬಂತಾ?"

"ಇಲ್ಲ ಕಣಮ್ಮ."

"ಬಂತಾ?"

"ಅಯ್ಯೋ, ತಲೆ ತಿನ್ಬೇಡ ಮಾರಾಯ್ತಿ."

"ತಿಂದಿಲ್ಲ. ಚಿತ್ರಾನ್ನ ತಿಂದೆ."

ಆ ವಾರವೆಲ್ಲ ಮನೆಯಲ್ಲಿ ಅದೇ ಮಾತು. ಬಾಯಿ ಮುಚ್ಚು ಎಂದರೆ ಅಂಗೈಯಿಂದ ಬಾಯಿ ಮುಚ್ಚಿಕೊಂಡು, ತೆಗಿ ಎನ್ನುವವರೆಗೆ ಹಾಗೇ ಕೂರುತ್ತಿದ್ದಳು. ಅವರೆಕಾಯಿ ಕಾಲ ಬಂದಿತ್ತು. ಭದ್ರಮ್ಮ ಒಂದು ಮೊರ ಕಾಳು ನೆನೆಸಿ, "ಇದಿಷ್ಟೂ ಹಿಸುಕು" ಎಂದು ಹೇಳಿ ಒಳಗೆ ಹೋದರೆ, ಬರುವ ಹೊತ್ತಿಗೆ ಅದಿಷ್ಟೂ ಹಿಸುಕಿಯೇ ಇರುತ್ತಿತ್ತು. ಒಂದು ಬೇಳೆ ಮುರಿದಿರುತ್ತಿರಲಿಲ್ಲ, ಒಂದು ಸಿಪ್ಪೆ ಬೆರೆತಿರುತ್ತಿರಲಿಲ್ಲ.

"ನೋಡೇ ಇಂಪಿ, ಕೆಲಸ ಅಂದ್ರೆ ಇದು. ನೀನೂ ಇದ್ದೀಯ, ಹತ್ತು ಕಾಳು ಹಿಸುಕಿ ಹನ್ನೊಂದು ಸಲ ಮೊಬೈಲ್ ನೋಡ್ತೀಯ."

"ಹಂಗಾದ್ರೆ ಅವಳ್ನೇ ಪಿಯುಸಿ ಎಕ್ಸಾಮಿಗೆ ಕೂರ್ಸಿ ಅಜ್ಜಿ."

ಇಂಪನಾಗೆ ಸಿಟ್ಟಿರಲಿಲ್ಲವೆಂದಲ್ಲ. ಅವಳ ಕೋಣೆ ಅರ್ಧವಾಗಿತ್ತು. ಒಂದು ದಿನ, "ನನ್ ಬುಕ್ಸ್ ಮುಟ್ಟಿದ್ರೆ ಕೈ ಮುರೀತೀನಿ" ಎಂದುಬಿಟ್ಟಳು. ಮರುದಿನ ಊಟಕ್ಕೆ ಕೂತಾಗ ಮೋನಿಕಾ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಕೂತಿದ್ದಳು. ತಟ್ಟೆಯ ಪಕ್ಕದಲ್ಲಿ ಇಂಪನಾಳ ಫಿಸಿಕ್ಸ್ ಪುಸ್ತಕವಿತ್ತು.

"ನಾನ್ ಸುಮ್ನೆ ಅಂದಿದ್ದು ಅಮ್ಮ," ಎಂದಳು ಇಂಪನಾ. ಅಳು ಬಂದ ಹಾಗಾಗಿತ್ತು. ಪುಸ್ತಕ ತೆಗೆದು ಮಂಚದ ಮೇಲೆ ಎಸೆದು, ಮೋನಿಕಾಳ ಕೈ ಎಳೆದು ತಟ್ಟೆಗೆ ತಂದಳು. "ಮುರಿಯಲ್ಲ. ತಿನ್ನು. ಯಾವತ್ತೂ ಮುರಿಯಲ್ಲ."

ಅಂದಿನಿಂದ ಅವರಿಬ್ಬರ ನಡುವೆ ಏನೋ ಆಯಿತು. ರಾತ್ರಿ ಕೋಣೆಯಿಂದ ಇಬ್ಬರ ನಗುವೂ ಕೇಳತೊಡಗಿತು.

ಮಾವ ಲಕ್ಷ್ಮೀನರಸಿಂಹಯ್ಯನವರು ದಿನಾ ಬೆಳಿಗ್ಗೆ ಬಸ್ಸು ಹತ್ತಿ ಗುಬ್ಬಿಯ ತೋಟಕ್ಕೆ ಹೋಗುತ್ತಿದ್ದರು. ಇದ್ದದ್ದು ಸ್ವಲ್ಪ ತೆಂಗು. ಮಾರಿಬಿಡಿ ಎಂದು ಮಗ ಹೇಳಿದ್ದಕ್ಕೆ, ಮಾರಿದರೆ ಬೆಳಿಗ್ಗೆ ಎದ್ದು ಎಲ್ಲಿಗೆ ಹೋಗಲಿ ಎಂದಿದ್ದರು. ಗೇಟಿನ ಚಿಲಕ ತೆಗೆಯುತ್ತ, ಎಲ್ಲರೂ ಹೇಳುವಂತೆ, "ಬರ್ತೀನಿ" ಎನ್ನುವರು.

"ಯಾವಾಗ?" ಎಂದು ಮೋನಿಕಾ ಕೇಳುವಳು.

"ಸಾಯಂಕಾಲ ಕಣವ್ವ."

ಸಾಯಂಕಾಲ ಅವರ ಬಸ್ಸಿನ ಹೊತ್ತಿಗೆ ಅವಳು ಗೇಟಿನಲ್ಲಿರುತ್ತಿದ್ದಳು. ಒಂದು ದಿನ ಕಾಯಿ ಕೀಳುವ ಆಳುಗಳು ತಡವಾಗಿ ಬಂದರೆಂದು ಅವರು ಅಲ್ಲೇ ತಮ್ಮನ ಮನೆಯಲ್ಲಿ ಉಳಿಯುವುದಾಗಿ ಫೋನ್ ಮಾಡಿದರು. ಮೋನಿಕಾ ಗೇಟು ಬಿಟ್ಟು ಅಲ್ಲಾಡಲಿಲ್ಲ. ಊಟಕ್ಕೆ ಕರೆದರೆ ಬರಲಿಲ್ಲ. ನಾಗೇಶ್ ಎತ್ತಿಕೊಂಡು ಬರಲು ಹೋದಾಗ ಕಂಬಿ ಹಿಡಿದು ಕಿರುಚಿದ ಸದ್ದಿಗೆ ಅಕ್ಕಪಕ್ಕದ ಮನೆಯ ಲೈಟುಗಳು ಹತ್ತಿಕೊಂಡವು. ಕೊನೆಗೆ ಮುದುಕರು ಯಾರದೋ ಟೆಂಪೊ ಹಿಡಿದು ಬಂದರು. ಅವರನ್ನು ಕಂಡದ್ದೇ ಅವಳು ಏನೂ ಆಗದವಳಂತೆ ಒಳಗೆ ನಡೆದು ತಟ್ಟೆಯ ಮುಂದೆ ಕೂತಳು.

"ಇದೊಂದು ಹೊಸ ಕಾನೂನು ಬಂತು ಮನೇಲಿ," ಎಂದ ನಾಗೇಶ್. "ಫೋನಲ್ಲಿ ಹೇಳಿದೀರಲ್ಲಪ್ಪ, ಸಾಕಿತ್ತು. ಇಷ್ಟೊತ್ತಲ್ಲಿ ಬರ್ಬೇಕಿತ್ತಾ?"

"ಬರ್ತೀನಿ ಅಂದಿದ್ನಲ್ಲೋ."

"ಎಲ್ಲಾರೂ ಅಂತಾರೆ. ಹೋಗ್ತೀನಿ ಅನ್ನೋಕಾಗುತ್ತಾ?"

"ಅದಕ್ಕೇ ಬಂದೆ ಕಣೋ," ಎಂದು ಮುದುಕರು ಮುದ್ದೆ ಮುರಿದರು.

ರಜೆ ಮುಗಿದು ನೇತ್ರಾವತಿ ಕೆಲಸಕ್ಕೆ ಹೊರಟ ಮೇಲೆ ಮನೆಯ ನಗು ಕಡಿಮೆಯಾಯಿತು. ಹಗಲು ಪೂರ್ತಿ ಹುಡುಗಿ ಭದ್ರಮ್ಮನ ಪಾಲಿಗೆ. ಮಂಡಿ ನೋವಿನ ಹೆಂಗಸು. ಶೂ ಪಟ್ಟಿ ಕಟ್ಟಲು ಬಗ್ಗಬೇಕು, ಬಚ್ಚಲಿಗೆ ಕರೆದುಕೊಂಡು ಹೋಗಬೇಕು, ಮಾತು ಕಲಿಸುವ ಕ್ಲಾಸಿಗೆ ಆಟೋದಲ್ಲಿ ಬಿಟ್ಟು ಕರೆತರಬೇಕು. ಸಂಜೆ ನೇತ್ರಾವತಿ ಬ್ಯಾಗು ಇಳಿಸುವುದಕ್ಕೂ ಬಿಡದೆ ಶುರುವಾಗುತ್ತಿತ್ತು.

"ಈ ವಯಸ್ಸಿಗೆ ನಾನು ಇನ್ನೊಂದು ಕೂಸಿನ ಹಿಂದೆ ಓಡ್ಬೇಕಾ ಹೇಳು? ನೀನು ತಂದೆ, ನೀನು ಆಫೀಸಿಗೆ ಹೋದೆ."

"ಒಂದು ಸ್ವಲ್ಪ ದಿನ ಅತ್ತೆ. ಆದೇಶ ಆಗ್ಲಿ, ಶಾಲೆಗೆ ಸೇರಿಸ್ತೀವಿ."

"ಒಂದೊಂದ್ ಮಾತಾಡೋಕೂ ಮುಂಚೆ ಯೋಚನೆ ಮಾಡ್ಬೇಕು. ಬಾಯಿ ನೋಯ್ತದೆ ನಂಗೆ."

ನೇತ್ರಾವತಿ ಉತ್ತರ ಹುಡುಕಿದಳು. ಅತ್ತೆಗೆ ನೋಯದ, ಗಂಡನಿಗೆ ಸಿಟ್ಟು ಬರದ, ಹುಡುಗಿಗೆ ತಾಗದ ಉತ್ತರ. ಅಂಥದ್ದು ಸಿಗುವ ಹೊತ್ತಿಗೆ ಭದ್ರಮ್ಮ ಎದ್ದು ಹೋಗಿರುತ್ತಿದ್ದರು.

ಆ ಶುಕ್ರವಾರ ಪಕ್ಕದ ಬೀದಿಯಲ್ಲಿ ಯಾರದೋ ಮನೆಗೆ ಭದ್ರಮ್ಮನನ್ನು ಅರಿಶಿನ ಕುಂಕುಮಕ್ಕೆ ಕರೆದಿದ್ದರು. ನೇತ್ರಾವತಿ ಆಗತಾನೆ ಬಂದು ಹಿತ್ತಲಲ್ಲಿ ಕಾಲು ತೊಳೆಯುತ್ತಿದ್ದಳು. ಇಂಪನಾ ಮಹಡಿಯ ಮೇಲೆ ಓದುತ್ತಿದ್ದಳು. ಭದ್ರಮ್ಮ ಹೊರಬಾಗಿಲಲ್ಲಿ ಚಪ್ಪಲಿ ಮೆಟ್ಟಿದ ಮೇಲೆ ದೇವರ ಮುಂದಿನ ದೀಪ ನೆನಪಾಯಿತು. ಉರಿಯುವ ದೀಪ ಬಿಟ್ಟು ಹೋಗುವ ಹಾಗಿಲ್ಲ. ಚಪ್ಪಲಿ ಬಿಚ್ಚಿ, ಆ ಮಂಡಿಯಲ್ಲಿ ಮತ್ತೆ ಒಳಗೆ ಹೋಗಲು ಬೇಸರ.

"ಮೋನೀ, ದೇವ್ರ ದೀಪ ದೊಡ್ಡದು ಮಾಡೇ," ಎಂದು ಅಲ್ಲಿಂದಲೇ ಕೂಗಿದರು.

ದೀಪ ಆರಿಸು ಎಂದು ಆ ಮನೆಯಲ್ಲಿ ಯಾರೂ ಯಾವತ್ತೂ ಅಂದವರಲ್ಲ. ಅಂಥ ಮಾತು ಬಾಯಲ್ಲಿ ಬರಬಾರದು. ಅಕ್ಕಿ ಮುಗಿದರೆ ಅಕ್ಕಿ ಹೆಚ್ಚಿದೆ ಎನ್ನುತ್ತಾರೆ, ದೀಪ ಆರಿಸುವಾಗ ದೊಡ್ಡದು ಮಾಡು ಎನ್ನುತ್ತಾರೆ. ಇಂಪನಾ ಮೂರು ವರ್ಷದವಳಿದ್ದಾಗಲೇ ಇದನ್ನು ಅರಿತಿದ್ದಳು, ಯಾರೂ ಕಲಿಸಿರಲಿಲ್ಲ.

ಮೋನಿಕಾ ದೇವರ ಕೋಣೆಗೆ ಹೋದಳು. ಎಣ್ಣೆಯ ಬಾಟಲಿ ಕೈಗೆಟುಕುವಲ್ಲೇ ಇತ್ತು. ಹಣತೆ ತುಂಬಿ ಚೆಲ್ಲುವಷ್ಟು ಸುರಿದಳು. ಬತ್ತಿಯ ಕಟ್ಟು ಬಿಚ್ಚಿ ಇದ್ದಬದ್ದ ಬತ್ತಿಯನ್ನೆಲ್ಲ ಇಟ್ಟಳು. ಉರಿ ಮೇಲೆದ್ದು ಲಕ್ಷ್ಮಿಯ ಫೋಟೊಗೆ ಹಾಕಿದ್ದ ಪ್ಲಾಸ್ಟಿಕ್ ಹಾರಕ್ಕೆ ತಗುಲಿತು, ಅಲ್ಲಿಂದ ಕಪಾಟಿನ ಬಟ್ಟೆಗೆ.

"ಅಜ್ಜೀ! ದೊಡ್ಡದಾಯ್ತು! ತುಂಬಾ ದೊಡ್ಡದಾಯ್ತು!"

ನೇತ್ರಾವತಿಗೆ ಮೊದಲು ಕೇಳಿಸಿದ್ದು ಆ ದನಿಯ ಸಂತೋಷ. ಆಮೇಲೆ ವಾಸನೆ. ಅವಳು ಓಡಿ ಬರುವಷ್ಟರಲ್ಲಿ ಭದ್ರಮ್ಮ ಚಪ್ಪಲಿ ಕಾಲಲ್ಲೇ ದೇವರ ಕೋಣೆಗೆ ನುಗ್ಗಿ, ಉರಿಯ ಎದುರಿನಿಂದ ಹುಡುಗಿಯನ್ನು ಎಳೆದು ಈಚೆಗೆ ತಳ್ಳಿದ್ದರು. ಉರಿಯುವ ಬಟ್ಟೆ ಅವರ ಬಲಗೈ ಮೇಲೆ ಬಿತ್ತು. ಇಂಪನಾ ಮೆಟ್ಟಿಲು ಹಾರಿ ಬಂದು ಬಕೆಟ್ ನೀರು ಎರಚಿದಳು. ಬೆಂಕಿ ಆರಿತು. ದೇವರ ಗೋಡೆ ಕಪ್ಪಾಗಿತ್ತು.

ಮೋನಿಕಾ ಮೂಲೆಯಲ್ಲಿ ನಿಂತು ಒಬ್ಬೊಬ್ಬರ ಮುಖವನ್ನೇ ನೋಡುತ್ತಿದ್ದಳು. ಹೇಳಿದ ಕೆಲಸ ಮಾಡಿದಾಗ ಈ ಮನೆಯಲ್ಲಿ ಯಾರಾದರೂ ಜಾಣೆ ಎನ್ನುತ್ತಿದ್ದರು. ಅಂದು ಯಾರೂ ಅನ್ನಲಿಲ್ಲ.

ಭದ್ರಮ್ಮನ ಕೈಗೆ ಬ್ಯಾಂಡೇಜು ಹಾಕಿಸಿಕೊಂಡು ಬಂದ ಮೇಲೆ ನಾಗೇಶ್ ಕೂರಲೂ ಇಲ್ಲ.

"ಮೇಲ್ಗಡೆ ಇಂಪನಾ ಇದ್ಲು. ಪಕ್ಕದಲ್ಲೇ ಗ್ಯಾಸ್ ಸಿಲಿಂಡರ್. ಏನಾಗ್ತಿತ್ತು ಯೋಚನೆ ಮಾಡಿದೀರಾ ಯಾರಾದ್ರೂ?"

"ಅವಳೇನ್ ಬೇಕೂಂತ ಮಾಡಿದ್ಲಾ?" ಎಂದಳು ಇಂಪನಾ. "ಅಜ್ಜಿ ದೊಡ್ಡದು ಮಾಡು ಅಂದ್ರು, ಮಾಡಿದ್ಲು."

"ಮತ್ತೇನನ್ಲೇ?" ಭದ್ರಮ್ಮನಿಗೆ ನೋವು, ಅಳು ಎರಡೂ ಬಂತು. "ಶುಕ್ರವಾರದ ದಿನ ದೇವ್ರ ದೀಪನ ಆರ್ಸು ಅನ್ಲಾ? ನನ್ ನಾಲ್ಗೆ ಬಿದ್ದೋಗಲ್ವಾ?"

"ನಿಂದೂ ತಪ್ಪಿಲ್ಲ, ಅದ್ರದೂ ತಪ್ಪಿಲ್ಲ ಕಣೆ," ಎಂದರು ಲಕ್ಷ್ಮೀನರಸಿಂಹಯ್ಯ. "ನಮ್ ಮಾತೇ ಹಂಗೆ."

"ಮಾತಿನ್ ಮೇಲೆ ಕೇಸ್ ಹಾಕೋಕಾಗುತ್ತಾ ಅಪ್ಪ?" ನಾಗೇಶ್ ಹೆಂಡತಿಯ ಕಡೆ ತಿರುಗಿದ. "ನೀನು ಹೇಳು. ಇನ್ನು ಜೀವನಪೂರ್ತಿ ಈ ಮನೇಲಿ ಬಾಯಿ ಬಿಡೋಕೆ ಮುಂಚೆ ಡಿಕ್ಷನರಿ ನೋಡ್ಬೇಕಾ?"

ನೇತ್ರಾವತಿ ನೆಲ ಒರೆಸುತ್ತಿದ್ದಳು. ನೀರಿನಲ್ಲಿ ತೇಲುತ್ತಿದ್ದ ಕರಿ ಬತ್ತಿಗಳನ್ನು ಒಂದೊಂದಾಗಿ ಹೆಕ್ಕಿ ಮೊರಕ್ಕೆ ಹಾಕಿದಳು. "ಈಗ ಎಲ್ರಿಗೂ ಸುಸ್ತಾಗಿದೆ. ನಾಳೆ ಮಾತಾಡೋಣ," ಎಂದಳು.

ನಾಳೆ ಯಾರೂ ಮಾತಾಡಲಿಲ್ಲ. ಆದರೆ ಭದ್ರಮ್ಮ ಬೀದಿಯವರು ಕೇಳಿದಾಗ, "ಏನ್ಮಾಡೋದು, ಹುಡ್ಗಿ ಬೆಂಕಿ ಹಚ್ಬಿಟ್ಲು" ಎಂದರು. ನೇತ್ರಾವತಿ ಕಾಂಪೌಂಡಿನ ಈಚೆ ಬಟ್ಟೆ ಹರವುತ್ತಿದ್ದಳು, ಕೇಳಿಸಿತು. ಹಚ್ಚಲಿಲ್ಲ, ಹೇಳಿದ್ದನ್ನು ಮಾಡಿದಳು ಎಂದು ಹೇಳಬೇಕೆನಿಸಿತು. ಸುಟ್ಟ ಕೈಯವರ ಮುಂದೆ, ಅದೂ ಬೀದಿಯಲ್ಲಿ, ಹೇಗೆ ಹೇಳುವುದು? ಕ್ಲಿಪ್ಪು ಹಾಕಿ ಒಳಗೆ ಬಂದಳು. ಆ ಮಾತು ಒಂದೇ ವಾರದಲ್ಲಿ ಗುಬ್ಬಿಗೂ ಹೋಗಿ, ನೆಂಟರ ಬಾಯಲ್ಲಿ, "ಬೆಂಕಿ ಹಚ್ಚೋ ಹುಡ್ಗೀನ ಯಾರಾದ್ರೂ ಇಟ್ಕೋತಾರಾ" ಎಂದಾಗಿ ಫೋನಿನಲ್ಲಿ ವಾಪಸು ಬಂತು.

ಭದ್ರಮ್ಮನ ಕೈ ವಾಸಿಯಾಗುವವರೆಗೆ ಅಡುಗೆ ನೇತ್ರಾವತಿಯದು. ಬೆಳಗಿನ ಐದಕ್ಕೆ ಎದ್ದು ಮುದ್ದೆ ತಿರುವಿ, ಸಾರು ಕುದಿಸಿ, ಹುಡುಗಿಯ ಶೂ ಕಟ್ಟಿ, ಬಸ್ಸಿಗೆ ಓಡಬೇಕು. ಒಂದು ಬೆಳಿಗ್ಗೆ ಪಟ್ಟಿ ಕಟ್ಟುವಾಗ ಮೋನಿಕಾ ನಾಲ್ಕನೇ ಸಲ "ಆರ್ಡರ್ ಬಂತಾ?" ಎಂದಾಗ, "ಸುಮ್ಮನಿರು ಮೋನಿ, ದೇವರೇ!" ಎಂದು ಗದರಿದಳು. ಮೋನಿಕಾ ಸುಮ್ಮನಾದಳು. ಸಂಜೆ ಬಂದಾಗಲೂ ಸುಮ್ಮನಿದ್ದಳು. ಇನ್ನು ಮಾತಾಡು ಎಂದು ಯಾರೂ ಹೇಳಿರಲಿಲ್ಲ.

ಸಮಾಲೋಚಕಿ ವಿಚಾರಿಸಲು ಬರುವ ಹಿಂದಿನ ದಿನ, ಎಲ್ಲರೂ ಊಟಕ್ಕೆ ಕೂತಿದ್ದಾಗ ನಾಗೇಶ್ ಹೇಳಿದ.

"ಆದೇಶ ಆಗೋಕೆ ಮುಂಚೆ ಹೇಳಿದ್ರೆ ಅವರಿಗೂ ಒಳ್ಳೇದು, ನಮಗೂ ಒಳ್ಳೇದು. ಆಮೇಲೆ ಆಗಲ್ಲ."

ಮೋನಿಕಾ ಆಗಲೇ ಉಂಡು ಗೇಟಿನ ಹತ್ತಿರ ಇಂಪನಾಳ ಹಳೆಯ ಸೈಕಲ್ಲಿನ ಗಂಟೆ ಬಾರಿಸುತ್ತಿದ್ದಳು.

"ವಾಪಸ್ ಕೊಡೋಕೆ ಮಗು ಏನು ಮಿಕ್ಸೀನೇನೋ?" ಎಂದರು ಲಕ್ಷ್ಮೀನರಸಿಂಹಯ್ಯ.

"ನೀವು ಬೆಳಿಗ್ಗೆ ಗುಬ್ಬಿಗೆ ಹೋಗ್ತೀರ, ಸಾಯಂಕಾಲ ಬರ್ತೀರ ಅಪ್ಪ. ಹಗಲು ನೋಡ್ಕೊಳ್ಳೋಳು ಅಮ್ಮ."

"ನನ್ ಮೇಲೆ ಹಾಕ್ಬೇಡ," ಎಂದರು ಭದ್ರಮ್ಮ, ಎಡಗೈಯಲ್ಲಿ ಚಮಚ ಹಿಡಿದು. "ನಾನು ಕಳ್ಸು ಅಂದಿಲ್ಲ. ಕಷ್ಟ ಆಗ್ತದೆ ಅಂದೆ, ಅಷ್ಟೆ."

"ನೇತ್ರಾ, ನೀನೇನಂತೀಯ?"

ಎಲ್ಲರೂ ಅವಳ ಕಡೆ ನೋಡಿದರು. ಬೇಡ, ಕಳಿಸಬೇಡಿ ಎಂದು ಅವಳು ಹೇಳಿದ್ದರೆ ಮಾವ ಜೊತೆಗಿರುತ್ತಿದ್ದರು, ಮಗಳು ಜೊತೆಗಿರುತ್ತಿದ್ದಳು. ಭದ್ರಮ್ಮ ಗೊಣಗಿಕೊಂಡೇ ಒಪ್ಪುತ್ತಿದ್ದರು. ನಾಗೇಶ್ ಎರಡು ದಿನ ಮುಖ ಗಂಟು ಹಾಕಿಕೊಂಡು ಮೂರನೆಯ ದಿನ, ತಲೆ ತಿನ್ಬೇಡ ಮಾರಾಯ್ತಿ ಎನ್ನುತ್ತಿದ್ದ. ಇದೆಲ್ಲ ಅವಳಿಗೆ ಆಮೇಲೆ ತಿಳಿಯಿತು. ಆ ಹೊತ್ತಿಗೆ ಬೆನ್ನು ನೋಯುತ್ತಿತ್ತು. ತೊಳೆಯಬೇಕಾದ ಪಾತ್ರೆ ರಾಶಿ ಬಿದ್ದಿತ್ತು.

"ಎಲ್ಲರಿಗೂ ಹೇಗೆ ಅನುಕೂಲವೋ ಹಾಗೆ," ಎಂದಳು.

ಇಂಪನಾ ತಟ್ಟೆ ಸರಿಸಿ ಎದ್ದಳು. "ಅಮ್ಮ, ನಿನ್ನ ಕೇಳಿದ್ದು. ಎಲ್ಲರನ್ನಲ್ಲ."

ಮರುದಿನ ಸಮಾಲೋಚಕಿ ಕೇಳಿದಾಗಲೂ ನೇತ್ರಾವತಿ ಅದೇ ಮಾತನ್ನು ಇನ್ನಷ್ಟು ಒಪ್ಪವಾಗಿ ಹೇಳಿದಳು. ಬರೆದೂ ಕೊಟ್ಟಳು.

ಕುಣಿಗಲ್ಲಿಗೆ ಬಿಡಲು ಹೋದದ್ದು ಸಮಾಲೋಚಕಿ ಮತ್ತು ನೇತ್ರಾವತಿ. ಕೆರೆ ಏರಿಯ ಮೇಲೆ ಬರುವಾಗ ಮೋನಿಕಾ ಕಿಟಕಿಗೆ ಮೂಗು ಒತ್ತಿ, "ಅವ್ವನ ಕೆರೆ" ಎಂದಳು. ನೆಂಟರ ಮನೆಗೆ ಹೊರಟವಳ ಹಾಗೆ ಖುಷಿಯಾಗಿದ್ದಳು. ಚಿಕ್ಕಮಾರಮ್ಮ ಬಾಗಿಲಲ್ಲೇ ನಿಂತಿದ್ದರು. ಯಾರನ್ನೂ ಬೈಯಲಿಲ್ಲ. ಬಟ್ಟೆಯ ಚೀಲ ತೆಗೆದುಕೊಂಡು, "ಕಾಫಿ ಕುಡೀರಿ" ಎಂದರು. ಅದನ್ನು ಕುಡಿಯುವುದು ನೇತ್ರಾವತಿಗೆ ಬಹಳ ಕಷ್ಟವಾಯಿತು.

ಹೊರಡುವಾಗ ಜಗಲಿಯ ಮೇಲೆ ಹುಡುಗಿಯ ಮುಂದೆ ಕೂತು ಸಡಿಲವಾಗಿದ್ದ ಶೂ ಪಟ್ಟಿ ಬಿಗಿ ಮಾಡಿದಳು. ಎದ್ದಳು. ಬಾಯಿಗೆ ತಾನಾಗಿ ಬಂತು.

"ಬರ್ತೀನಿ ಮೋನಿ."

"ಯಾವಾಗ?"

ಸಮಾಲೋಚಕಿ ಕಾರಿನ ಬಾಗಿಲು ತೆಗೆದು ಕಾಯುತ್ತಿದ್ದಳು. ನೇತ್ರಾವತಿ ಅತ್ತ ನೋಡಿದಳು.

"ಸಾಯಂಕಾಲ?" ಎಂದು ಮೋನಿಕಾಳೇ ಕೇಳಿದಳು.

ನೇತ್ರಾವತಿ ಹೌದೆಂಬಂತೆ ತಲೆಯಾಡಿಸಿದಳು.

ಮನೆಯಲ್ಲಿ ಆಮೇಲೆ ಜಗಳವಾಗಲಿಲ್ಲ. ನಾಗೇಶ್ ದೇವರ ಕೋಣೆಗೆ ಬಣ್ಣ ಹೊಡೆಸಿದ. ಫ್ಯಾಕ್ಟರಿಯಿಂದ ಬಂದು ಕೂತು, ಎದುರಿಗೆ ಯಾರೋ ಬಂದು ನಿಲ್ಲಬೇಕು ಎಂಬಂತೆ ಒಂದು ಗಳಿಗೆ ತಲೆಯೆತ್ತಿ, ಟಿವಿ ಹಾಕುತ್ತಿದ್ದ. ಲಕ್ಷ್ಮೀನರಸಿಂಹಯ್ಯ ಬೆಳಿಗ್ಗೆ ಏನೂ ಹೇಳದೆ ಗೇಟು ತೆಗೆದುಕೊಂಡು ಹೋಗತೊಡಗಿದರು. ಇಂಪನಾ ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡುತ್ತಿದ್ದಳು. ತನ್ನ ಕೋಣೆಯ ಇನ್ನೊಂದು ಅರ್ಧವನ್ನು ಖಾಲಿಯೇ ಬಿಟ್ಟಿದ್ದಳು. ಒಮ್ಮೆ ಭದ್ರಮ್ಮ ಅವರೆಕಾಳು ಹಿಸುಕುತ್ತ, "ಅವ್ಳು ಒಂದೂ ಮುರೀತಿರ್ಲಿಲ್ಲ" ಎಂದು ತಮಗೆ ತಾವೇ ಅಂದುಕೊಂಡು, ಮೊರ ಪಕ್ಕಕ್ಕಿಟ್ಟರು.

ಬೇಸಿಗೆ ಬಂತು. ಒಂದು ದಿನ ಆಫೀಸಿನಲ್ಲಿದ್ದಾಗ ಫೋನ್.

"ಮೇಡಂ, ಆಸ್ಪತ್ರೆ ಶೂ ಅಂಗಡಿಯಿಂದ. ಮಗು ಶೂ ರೆಡಿಯಾಗಿ ಬಹಳ ದಿನ ಆಯ್ತು. ಅಳತೆ ಕೊಟ್ಟು ಹೋದೋರು ಬರ್ಲೇ ಇಲ್ಲ."

ಡಿಸೆಂಬರಿನಲ್ಲಿ ಕೊಟ್ಟ ಅಳತೆ. ಅವಳು ಹೋಗಿ ಶೂ ತಂದು ಊಟದ ಮೇಜಿನ ಮೇಲಿಟ್ಟಳು. ಕೆಂಪು ಪಟ್ಟಿ. ಕೆಂಪೇ ಬೇಕೆಂದು ಇಂಪನಾ ಆರಿಸಿದ್ದಳು.

"ಪೋಸ್ಟಲ್ಲಿ ಕಳಿಸ್ತೀಯಾ?" ಎಂದು ಕೇಳಿದಳು ಇಂಪನಾ.

"ಇಲ್ಲ. ಭಾನುವಾರ ನಾನೇ ಹೋಗ್ತೀನಿ."

"ಕರ್ಕೊಂಡು ಬಾ ಅಮ್ಮ." ಎಷ್ಟೋ ದಿನದ ನಂತರ ಅವಳು ತಾನಾಗಿ ಆಡಿದ ಮಾತು.

ನಾಗೇಶ್ ಪೇಪರಿನಿಂದ ತಲೆ ಎತ್ತಲಿಲ್ಲ. "ಕೇಳಿ ನೋಡು," ಎಂದ. "ನಾನೇನೂ ಅನ್ನಲ್ಲ."

ಭಾನುವಾರ ಬೆಳಿಗ್ಗೆ ನೇತ್ರಾವತಿ ಏಳುವ ಮೊದಲೇ ಅಡುಗೆಮನೆಯಲ್ಲಿ ಬೆಲ್ಲದ ಪರಿಮಳ. ಭದ್ರಮ್ಮ ಕಂದಿದ ಕೈಯಲ್ಲೇ ಹೋಳಿಗೆ ತಟ್ಟುತ್ತಿದ್ದರು. ಸ್ಟೀಲ್ ಡಬ್ಬಿಗೆ ತುಂಬಿ, ತುಪ್ಪ ಸವರಿ, ಬಟ್ಟೆ ಕಟ್ಟಿದರು.

"ತಗಂಡೋಗು. ಆವತ್ತೇ ತಟ್ಬೇಕಿತ್ತು," ಎಂದರು. ಸೊಸೆಯ ಮುಖ ನೋಡಲಿಲ್ಲ.

ಬಸ್ಸಿನಲ್ಲಿ ನೇತ್ರಾವತಿ ಒಂದು ಮಾತನ್ನು ತಿದ್ದಿ ತಿದ್ದಿ ಸಿದ್ಧ ಮಾಡಿಕೊಂಡಳು. "ನಾವು ತಪ್ಪು ಮಾಡಿದ್ವಿ, ಮತ್ತೆ ಕೇಳ್ಕೊಂಡು ಬಂದಿದೀನಿ." ಅದಕ್ಕಿಂತ ಸಣ್ಣದಾಗಿ, ಸರಿಯಾಗಿ ಹೇಳಲು ಬರುತ್ತಿರಲಿಲ್ಲ. ಕುಣಿಗಲ್ ಬಸ್ ಸ್ಟ್ಯಾಂಡಿನಿಂದ ಚಿಕ್ಕಮಾರಮ್ಮನ ಬೀದಿಗೆ ನಡೆಯುವಾಗಲೂ ಅದನ್ನೇ ಅಂದುಕೊಳ್ಳುತ್ತಿದ್ದಳು.

ಜಗಲಿಯ ಮೇಲೆ ಹುಣಸೆಹಣ್ಣಿನ ರಾಶಿಯ ಮುಂದೆ ಮೋನಿಕಾ ಬೀಜ ಬಿಡಿಸುತ್ತಿದ್ದಳು. ಉದ್ದವಾಗಿದ್ದಳು. ಬರಿಗಾಲಲ್ಲಿದ್ದಳು. ಬಂದವಳನ್ನು ನೋಡಿ ನಗಲಿಲ್ಲ, ಅಳಲಿಲ್ಲ.

"ಬಂದೆ," ಎಂದಳು.

"ಬಂದೆ ಮೋನಿ."

"ಸಾಯಂಕಾಲ ಅಲ್ಲ. ಈಗ ಬೆಳಿಗ್ಗೆ."

ಚಿಕ್ಕಮಾರಮ್ಮ ಒಳಗಿನಿಂದ ಬಂದು ಚಾಪೆ ಹಾಸಿದರು. ಶೂ ತೊಡಿಸಿ ನೋಡಿದರು. ಹಿಮ್ಮಡಿ ಒಳಗೆ ಇಳಿಯಲಿಲ್ಲ. "ಮಕ್ಳ ಕಾಲು ಕಾಯ್ತದಾ ಕಣವ್ವ," ಎಂದು ಬಿಚ್ಚಿ ಪಕ್ಕಕ್ಕಿಟ್ಟರು.

"ಹೇಗಿದಾಳೆ?"

"ಈಗ ಪರ್ವಾಗಿಲ್ಲ." ಚಿಕ್ಕಮಾರಮ್ಮ ಹುಡುಗಿಯ ಕಡೆ ನೋಡಿ ದನಿ ತಗ್ಗಿಸಿದರು. "ನೀವು ಹೋದ್ಮೇಲೆ ದಿನಾ ಸಾಯಂಕಾಲ ಇಲ್ಲೇ ಕೂರೋಳು, ಬೀದಿ ಕಡೆ ಮುಖ ಮಾಡ್ಕಂಡು. ತುಮಕೂರು ಬಸ್ಸು ಬತ್ತಿದ್ದಂಗೇ ಎದ್ ನಿಂತ್ಕಳೋಳು. ಉಣ್ತಿರ್ಲಿಲ್ಲ. ಬರಲ್ಲ ಕಣೆ ಅಂದ್ರೆ, ಬರ್ತೀನಿ ಅಂದವ್ರೆ ಅನ್ನೋಳು. ನಾನೇನು ಹೇಳ್ಲಿ? ಕೊನೆಗೆ ಜ್ವರ ಬಂದು ಮಲಗಿದ್ಲು."

ನೇತ್ರಾವತಿ ಕೈಯಲ್ಲಿದ್ದ ಡಬ್ಬಿಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಎದ್ದ ಮೇಲೆ ಯಾರಾದ್ರೂ ಬರ್ತೀನಿ ಅಂದ್ರೆ 'ಹೋಗ್ತೀನಿ ಅನ್ನು' ಅಂತ ಕಿವಿ ಮುಚ್ಕೊಳೋಕೆ ಸುರು ಮಾಡಿದ್ಲು. ಈಗ ನಾವೂ ಹಂಗೇ ಅಂತೀವಿ. ಅಂಗಡಿಗೆ ಹೋದ್ರೂ ಹೋಗ್ತೀನಿ. ಅಕ್ಕಪಕ್ಕದೋರು ಬೈತಾರೆ, ಅಪಶಕುನ ಅಂತ. ಬೈಲಿ. ದೀಪನೂ ಆರ್ಸು ಅಂತೀನಿ." ನಕ್ಕರೋ ನಿಟ್ಟುಸಿರು ಬಿಟ್ಟರೋ ತಿಳಿಯಲಿಲ್ಲ. "ತಿಪಟೂರು ಕಡೆಯೋರು ಗಂಡ ಹೆಂಡ್ತಿ ಬಂದು ನೋಡ್ಕಂಡ್ ಹೋಗವ್ರೆ. ಇಬ್ರೂ ಮೇಷ್ಟ್ರುಗಳು. ಮುಂದಿನ ವಾರ ಕರ್ಕಂಡೋಗ್ತಾರೆ. ಅವ್ರಿಗೂ ಇದೆಲ್ಲಾ ಹೇಳಿದೀನಿ. ಹೋಗುವಾಗ ಹೋಗ್ತೀವಿ ಅಂದೇ ಹೋದ್ರು ಪಾಪ."

ಬಸ್ಸಿನಲ್ಲಿ ಸಿದ್ಧ ಮಾಡಿಕೊಂಡ ಮಾತು ಹಾಗೆಯೇ ಉಳಿಯಿತು. ಅದನ್ನು ಹೇಳಬೇಕಾಗಿದ್ದ ಆ ಊಟದ ಹೊತ್ತು ಎಂದೋ ಮುಗಿದಿತ್ತು. ನೇತ್ರಾವತಿ ಡಬ್ಬಿಯ ಬಟ್ಟೆ ಬಿಚ್ಚಿ ಹುಡುಗಿಯ ಮುಂದೆ ಇಟ್ಟಳು.

ಮೋನಿಕಾ ಹುಣಸೆಯ ಕೈಯನ್ನು ಲಂಗಕ್ಕೆ ಒರೆಸಿಕೊಂಡು ಒಳಗೆ ನೋಡಿದಳು. ಮೊದಲ ಸಲ ಅವಳ ಮುಖದಲ್ಲಿ ಬೆಳಕು ಬಂತು.

"ಹೋಳಿಗೆ! ಆರ್ಡರ್ ಬಂತಾ?"

ಚಿಕ್ಕಮಾರಮ್ಮ ಅರ್ಥವಾಗದೆ ಇಬ್ಬರನ್ನೂ ನೋಡಿದರು. ಬೀದಿಯಲ್ಲಿ ಯಾವುದೋ ಟ್ರ್ಯಾಕ್ಟರ್ ಹೋಯಿತು. ಅದರ ಸದ್ದು ಅಡಗುವವರೆಗೂ ನೇತ್ರಾವತಿಗೆ ಸಮಯವಿತ್ತು. ಆದರೂ ಹುಡುಗಿಗೆ ನೋಯದ ಉತ್ತರವೊಂದೂ ಸಿಗಲಿಲ್ಲ.

"ಇಲ್ಲ ಮೋನಿ. ಬರಲಿಲ್ಲ."

"ಮತ್ತೆ ಹೋಳಿಗೆ?"

"ಅಜ್ಜಿ ಮಾಡಿದ್ರು. ನಿನಗೆ."

ಮೋನಿಕಾ ಲೆಕ್ಕ ಸರಿಹೋಗಲಿಲ್ಲ ಎಂಬಂತೆ ಹುಬ್ಬು ಗಂಟಿಕ್ಕಿ, ಆಮೇಲೆ ಒಂದನ್ನು ಎತ್ತಿಕೊಂಡು ತಿನ್ನತೊಡಗಿದಳು.

ಬಸ್ಸಿಗೆ ಹೊತ್ತಾಯಿತು. ನೇತ್ರಾವತಿ ಎದ್ದು ಚಪ್ಪಲಿ ಮೆಟ್ಟಿದಳು. ಸಣ್ಣಗಾದ ಶೂ ಚೀಲಕ್ಕೆ ಹೋಯಿತು. ನಲವತ್ತು ವರ್ಷದ ರೂಢಿ, "ಬ..." ಎಂದು ಬಾಯಿ ತೆರೆಯಿತು.

ಮೋನಿಕಾಳ ಎರಡೂ ಕೈ ಕಿವಿಗೆ ಹೋದವು. ಒಂದರಲ್ಲಿ ಹೋಳಿಗೆಯ ತುಣುಕಿತ್ತು. "ಹೋಗ್ತೀನಿ ಅನ್ನು."

ಆ ಮಾತು ನೇತ್ರಾವತಿ ಹುಟ್ಟಿದಾಗಿನಿಂದ ಯಾರ ಹೊಸಿಲಲ್ಲೂ ಆಡಿದ್ದಲ್ಲ.

"ಹೋಗ್ತೀನಿ ಮೋನಿ."

ಹುಡುಗಿ ಕೈ ಇಳಿಸಿದಳು. "ಹ್ಞೂ. ಹೋಗು," ಎಂದಳು ಸಮಾಧಾನವಾಗಿ.

ಬೀದಿಯ ತಿರುವಿನಲ್ಲಿ ನೇತ್ರಾವತಿ ಹಿಂದಿರುಗಿ ನೋಡಿದಳು. ಮೋನಿಕಾ ಬೀದಿಗೆ ಬೆನ್ನು ಮಾಡಿ ಕೂತು, ಮತ್ತೆ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು.